ನನ್ನ ಸಾಧು ಲ್ಯಾಬ್ರಡಾರನ್ನು ಆಸ್ಪತ್ರೆಯ ರೋಗಿಗಳ ಭೇಟಿಗೆ ಕರೆದೊಯ್ಯಲೇ? ಅರ್ಧ ದಿನ ಅಲ್ಲೇ ಇದ್ದರೆ ಹೆಚ್ಚು ಜನರಿಗೆ ಲಾಭವಲ್ಲವೇ?

ಎರಡು ವರ್ಷದ ನಾಯಿ, ಯಾರು ಬಂದರೂ ಮೈಮೇಲೆ ಹಾರಿ ಮುದ್ದು ಮಾಡುತ್ತದೆ, ಹಸಿ ಮಾಂಸ ತಿಂದು ಗಟ್ಟಿಮುಟ್ಟಾಗಿದೆ, ಶನಿವಾರ ಅರ್ಧ ದಿನ ಬಿಡುವಿದೆ ಅಂತ ಬರೆದಿದ್ದೀರಿ. ಆ ‘ಅರ್ಧ ದಿನ’ ಓದಿದ ಕೂಡಲೇ ಉತ್ತರ ಬರೆಯಲು ಕೂತೆ. ನನ್ನ ಲೆಕ್ಕವೂ ಹೀಗೇ ಇತ್ತು: ಹಾಸಿಗೆಗೆ ಹತ್ತು ನಿಮಿಷ, ಯಾರನ್ನೂ ಬಿಡಬಾರದು. ನನ್ನ ನಾಯಿ ಚಿನ್ನಿಯ ಆಸ್ಪತ್ರೆ ಕೆಲಸ ಮುಗಿದದ್ದು ಆ ಲೆಕ್ಕದಿಂದಲೇ.

ಚಿನ್ನಿ ಥೆರಪಿ ನಾಯಿಯ, ಅಂದರೆ ರೋಗಿಗಳಿಗೆ ನೆಮ್ಮದಿ ಕೊಡಲು ಹೋಗುವ ನಾಯಿಯ, ಪರೀಕ್ಷೆ ಪಾಸಾಗಿದ್ದಳು. ಏಳು ತಿಂಗಳು ವಾರಕ್ಕೊಮ್ಮೆ, ನಲವತ್ತು ನಿಮಿಷ, ನಾಲ್ಕು ಜನ ರೋಗಿಗಳು. ಒಂದು ಸಣ್ಣ ತೊಂದರೆಯೂ ಆಗಿರಲಿಲ್ಲ. ಆ ದಿನ ಮೂಳೆ ವಾರ್ಡಿನಲ್ಲಿ ಎಲ್ಲರೂ ‘ನಮ್ಮ ಹತ್ತಿರವೂ ಬರಲಿ’ ಅಂದರು, ನನಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆರನೇ ಹಾಸಿಗೆಯ ಬಳಿ ಅವಳು ಆಕಳಿಸಿದಳು. ನಿದ್ದೆ ಬಂದಿರಬೇಕು ಅಂದುಕೊಂಡೆ. ಏಳನೆಯದರ ಬಳಿ ಮೂಗು ನೆಕ್ಕಿಕೊಂಡಳು, ಹಸಿವು ಅಂದುಕೊಂಡೆ. ಎಂಟನೆಯ ರೋಗಿ ತಲೆ ಸವರುತ್ತಿದ್ದಾಗ ಮುಖವನ್ನು ಬಾಗಿಲಿನ ಕಡೆ ತಿರುಗಿಸಿದಳು, ಕಣ್ಣಂಚಿನಲ್ಲಿ ಬಿಳಿ ಕಾಣುತ್ತಿತ್ತು. ಅಲ್ಲಿಂದ ಹೊರಟಾಗ ಸ್ನಾನ ಮಾಡಿದವಳಂತೆ ಮೈ ಕೊಡವಿಕೊಂಡಳು. ನೆಲದ ಮೇಲೆ ಅವಳ ಪಾದದ ಒದ್ದೆ ಗುರುತು ಮೂಡುತ್ತಿತ್ತು. ತಂಪಾದ ವಾರ್ಡಿನಲ್ಲಿ ನಾಯಿಯ ಪಾದ ಬೆವರುತ್ತಿದ್ದರೆ ಅದಕ್ಕೆ ಸೆಖೆ ಕಾರಣವಲ್ಲ, ಗಾಬರಿ.

ಹನ್ನೊಂದನೇ ಹಾಸಿಗೆಯ ಪಕ್ಕದಲ್ಲಿ ಊಟದ ಟ್ರಾಲಿ ಗೋಡೆಗೆ ತಾಗಿತು. ಚಿನ್ನಿ ಹಿಂದಕ್ಕೆ ಜಿಗಿದಳು, ಕೈಯಲ್ಲಿ ಸಡಿಲವಾಗಿದ್ದ ಲೀಶ್ ಡ್ರಿಪ್ ಸ್ಟ್ಯಾಂಡಿಗೆ ಸುತ್ತಿಕೊಂಡಿತು, ಸ್ಟ್ಯಾಂಡ್ ವಾಲಿ ರೋಗಿಯ ಕೈಯಿಂದ ಕ್ಯಾನುಲಾ, ಅಂದರೆ ಡ್ರಿಪ್ ಹರಿಸುವ ಸಣ್ಣ ಕೊಳವೆ, ಕಿತ್ತುಬಂತು. ರಕ್ತ ನಿಲ್ಲಿಸಿ ಆ ಹಿರಿಯರಿಗೆ ಇನ್ನೊಂದು ಕೈಗೆ ಸೂಜಿ ಚುಚ್ಚಬೇಕಾಯಿತು. ಮುಂದಿನ ವಾರ ಚಿನ್ನಿ ಆಸ್ಪತ್ರೆಯ ಲಿಫ್ಟ್ ಹತ್ತಲಿಲ್ಲ. ನಾಲ್ಕು ವಾರ ಪ್ರಯತ್ನಿಸಿ ಬಿಟ್ಟೆ.

ತಪ್ಪು ಟ್ರಾಲಿಯದ್ದು ಅಂತ ಬಹಳ ದಿನ ಅಂದುಕೊಂಡಿದ್ದೆ. ಅಂಥ ಸದ್ದನ್ನು ಅವಳು ನೂರಾರು ಸಲ ಕೇಳಿ ಕಿವಿಯನ್ನೂ ಅಲ್ಲಾಡಿಸಿರಲಿಲ್ಲ. ನಾಯಿಯ ದಣಿವು ಕೊಡಕ್ಕೆ ನೀರು ಬಿದ್ದ ಹಾಗೆ ತುಂಬುತ್ತದೆ. ಜಾರುವ ನೆಲ, ಫಿನಾಯಿಲು ವಾಸನೆ, ಅಪರಿಚಿತ ಕೈ, ಬೀಪ್ ಸದ್ದು, ಬೇಡವೆನಿಸಿದರೂ ಎದ್ದು ಹೋಗುವ ಸ್ವಾತಂತ್ರ್ಯವಿಲ್ಲದಿರುವುದು, ಒಂದೊಂದೂ ಒಂದು ತಂಬಿಗೆ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ನಡೆಯುವ ಅರ್ಧ ನಿಮಿಷದಲ್ಲಿ ಕೊಡ ಖಾಲಿಯಾಗುವುದಿಲ್ಲ. ಆಕಳಿಕೆ, ಮೂಗು ನೆಕ್ಕುವುದು, ಮುಖ ತಿರುಗಿಸುವುದು, ಮೈ ಕೊಡವುವುದು, ಇವು ನಾಯಿ ಹೇಳಿದ ‘ಸಾಕು’. ಅಂಥ ನಾಲ್ಕು ‘ಸಾಕು’ಗಳನ್ನು ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸದಿರಲು ಕಾರಣವೂ ಸರಳ: ನಾನು ರೋಗಿಯ ಮುಖ ನೋಡುತ್ತಾ ಹರಟುತ್ತಿದ್ದೆ. ನಾಯಿ ಹಿಡಿದವರ ಕಣ್ಣು ನಾಯಿಯ ಮೇಲೆಯೇ ಇರಬೇಕು. ಮಾತಿಗೆ ಇನ್ನೊಬ್ಬ ಸ್ವಯಂಸೇವಕರನ್ನು ಜೊತೆಗೆ ಕರೆದುಕೊಳ್ಳಿ. ಅದು ಐಷಾರಾಮವಲ್ಲ, ಅಗತ್ಯ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. ಹೊತ್ತು ಹೆಚ್ಚಾದರೆ ಲಾಭ ಹೆಚ್ಚು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಈ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲುವ ಅಧ್ಯಯನ 2007ರಲ್ಲಿ ಪ್ರಕಟವಾದದ್ದು, ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವೈದ್ಯಕೀಯ ಕೇಂದ್ರದಲ್ಲಿ ನಡೆದದ್ದು. ಹೃದಯ ವೈಫಲ್ಯದಿಂದ ದಾಖಲಾಗಿದ್ದ 76 ಜನರನ್ನು ಮೂರು ಗುಂಪು ಮಾಡಿದರು: ಒಂದಕ್ಕೆ ನಾಯಿ ಮತ್ತು ಸ್ವಯಂಸೇವಕ, ಇನ್ನೊಂದಕ್ಕೆ ಬರೀ ಸ್ವಯಂಸೇವಕ, ಮೂರನೆಯದಕ್ಕೆ ಎಂದಿನ ಆರೈಕೆ ಮಾತ್ರ. ನಾಯಿ ಬಂದ ಗುಂಪಿನಲ್ಲಿ ಶ್ವಾಸಕೋಶದ ರಕ್ತನಾಳದ ಒತ್ತಡ ಇಳಿಯಿತು, ಒತ್ತಡದ ಹಾರ್ಮೋನು ಅಡ್ರಿನಲಿನ್ ಮಟ್ಟ ಇಳಿಯಿತು, ಆತಂಕ ಕಡಿಮೆಯಾಯಿತು. ಆ ಭೇಟಿ ಎಷ್ಟು ಹೊತ್ತಿನದು ಗೊತ್ತೇ? 12 ನಿಮಿಷ. ಕೆನಡಾದ ಸಾಸ್ಕಟೂನ್‌ನಲ್ಲಿ ತುರ್ತು ಚಿಕಿತ್ಸಾ ವಿಭಾಗದ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 10 ನಿಮಿಷದ ಭೇಟಿಗೇ ನೋವು, ಆತಂಕ ಎರಡೂ ತಗ್ಗಿದವು. ಕೀಲು ಬದಲಿಸಿಕೊಂಡವರ ಅಧ್ಯಯನವೊಂದರಲ್ಲಿ ಫಿಸಿಯೋಥೆರಪಿಗೆ ಮುಂಚೆ 15 ನಿಮಿಷ, ಮೂರು ದಿನ ನಾಯಿ ಬಂತು, ನೋವಿನ ಅಂಕ ಇಳಿಯಿತು. ವ್ಯಾಯಾಮಕ್ಕೆ ಏಳಲು ಒಲ್ಲದವರ ಬಳಿ ಅದಕ್ಕೆ ಸ್ವಲ್ಪ ಮುಂಚೆ ಹೋಗುವುದು ನನ್ನ ಮಟ್ಟಿಗೆ ಅತಿ ಉಪಯೋಗದ ಹೊತ್ತು.

ಇದನ್ನು ಚಿಕಿತ್ಸೆ ಅಂತ ಮಾತ್ರ ಯಾರಿಗೂ ಹೇಳಬೇಡಿ. ಮೂಳೆ ಬೇಗ ಕೂಡುವುದಿಲ್ಲ, ಸೋಂಕು ಇಳಿಯುವುದಿಲ್ಲ. ಸಿಗುವುದು ಕೆಲ ಹೊತ್ತಿನ ನೆಮ್ಮದಿ, ಕಡಿಮೆ ನೋವು, ಎದ್ದು ಕೂರುವ ಮನಸ್ಸು. ನಾಯಿ ಬಂದದ್ದು ರೋಗಿಗೆ ಗೊತ್ತಾಗದಂತೆ ಪರೀಕ್ಷಿಸಲು ಸಾಧ್ಯವಿಲ್ಲದ್ದರಿಂದ ಈ ಅಧ್ಯಯನಗಳಿಗೆಲ್ಲ ಒಂದು ಮಿತಿ ಇದ್ದೇ ಇದೆ. ಆದರೂ ನೋವಿನಲ್ಲಿರುವವರಿಗೆ ಹತ್ತು ನಿಮಿಷದ ನೆಮ್ಮದಿ ಸಣ್ಣದಲ್ಲ. ಅದಕ್ಕಾಗಿಯೇ ಈ ಕೆಲಸವನ್ನು ಸರಿಯಾಗಿ ಮಾಡಬೇಕು ಅನ್ನುತ್ತೇನೆ.

‘ಸಾಧು’ ಅನ್ನುವ ಮಾತಿಗೂ ನನ್ನ ತಕರಾರಿದೆ. ಎಲ್ಲರ ಮೇಲೂ ಹಾರುವ ನಾಯಿ ಪ್ರೀತಿಯದ್ದಿರಬಹುದು, ವಾರ್ಡಿಗೆ ಸಲ್ಲದು. ವಯಸ್ಸಾದವರ ಚರ್ಮ ಕಾಗದದ ಹಾಗಿರುತ್ತದೆ, ಒಂದು ಉಗುರು ತಾಗಿದರೆ ಹರಿಯುತ್ತದೆ. ಬೇಕಾದ ಗುಣ ಬೇರೆ: ಹೆಸರು ಕರೆದಾಗ ನಿಧಾನವಾಗಿ ಬಂದು ಒರಗುವುದು, ಒರಟಾಗಿ ತಟ್ಟಿದರೂ ಸುಮ್ಮನಿರುವುದು, ಸ್ಟೀಲ್ ತಟ್ಟೆ ಬಿದ್ದರೆ ಬೆಚ್ಚಿ ಕೆಲವೇ ಕ್ಷಣದಲ್ಲಿ ಸಾವರಿಸಿಕೊಳ್ಳುವುದು, ಊರುಗೋಲು, ವೀಲ್‌ಚೇರುಗಳ ಪಕ್ಕ ಹಾದುಹೋಗುವುದು. ಇನ್ನೊಂದನ್ನು ಬಹಳ ಜನ ಕಲಿಸುವುದೇ ಇಲ್ಲ: ನೆಲದ ಮೇಲಿನ ವಸ್ತುವನ್ನು ಹೇಳಿದ ಕೂಡಲೇ ಬಿಟ್ಟುಬಿಡುವುದು. ವಾರ್ಡಿನ ನೆಲದಲ್ಲಿ ಬಿದ್ದಿರುವುದು ಬಿಸ್ಕತ್ತಲ್ಲ, ಯಾರೋ ಉಗುಳಿದ ಮಾತ್ರೆ.

ಹಸಿ ಮಾಂಸದ ವಿಷಯದಲ್ಲಿ ರಾಜಿ ಇಲ್ಲ. ಹಸಿ ಮಾಂಸ ತಿನ್ನುವ ನಾಯಿಗಳ ಮಲದಲ್ಲಿ ಸಾಲ್ಮೊನೆಲ್ಲಾ ಕಾಣಿಸಿಕೊಳ್ಳುವುದು ಹಲವು ಪಟ್ಟು ಹೆಚ್ಚು, ಅದೂ ನಾಯಿ ಪೂರ್ತಿ ಆರೋಗ್ಯವಾಗಿ ಕಾಣುತ್ತಿರುವಾಗಲೇ. ಅಮೆರಿಕದ ಆಸ್ಪತ್ರೆ ಸೋಂಕುತಜ್ಞರ ಸಂಘ ಎಸ್‌ಎಚ್‌ಇಎ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಭೇಟಿಗೆ ಮುಂಚಿನ 90 ದಿನ ಹಸಿ ಮಾಂಸ, ಬೇಯಿಸದೆ ಒಣಗಿಸಿದ ಮಾಂಸದ ತಿನಿಸು ಯಾವುದನ್ನೂ ಕೊಟ್ಟಿರಬಾರದು. ಭೇಟಿ ಒಂದು ಗಂಟೆ ಮೀರಬಾರದು ಅನ್ನುವುದೂ ಅದರಲ್ಲಿದೆ. ನಾನು ಇನ್ನೂ ಇಳಿಸಿ 40 ನಿಮಿಷ ಅನ್ನುತ್ತೇನೆ.

ಭೇಟಿಯ ಹಿಂದಿನ 24 ಗಂಟೆಯೊಳಗೆ ವಾಸನೆಯಿಲ್ಲದ ಸೌಮ್ಯ ಶಾಂಪೂವಿನಲ್ಲಿ ಸ್ನಾನ ಮಾಡಿಸಿ, ಪೂರ್ತಿ ಒಣಗಿಸಿ, ಉದುರುವ ಕೂದಲನ್ನು ಬಾಚಿ ತೆಗೆಯಿರಿ. ಉಗುರು ಕತ್ತರಿಸಿದರೆ ಸಾಲದು, ಅಂಚನ್ನು ಉಜ್ಜಿ ನಯ ಮಾಡಬೇಕು. ಒಳಗೆ ಹೋಗುವ ಮುಂಚೆ ಹೊರಗೆ ಸುತ್ತಾಡಿಸಿ ಮಲಮೂತ್ರ ಮುಗಿಸಿ. ಉದ್ದ ತಾನಾಗಿ ಹೆಚ್ಚು ಕಡಿಮೆಯಾಗುವ ಲೀಶ್ ಬೇಡವೇ ಬೇಡ. ಎರಡು ಮೀಟರ್ ಮೀರದ ಸಾದಾ ಲೀಶ್ ತೆಗೆದುಕೊಂಡು, ಹಾಸಿಗೆಯ ಬಳಿ ಅದನ್ನು ಒಂದು ತೋಳಿನಷ್ಟಕ್ಕೆ ಮಡಚಿ ಹಿಡಿಯಿರಿ.

ವಾರ್ಡಿಗೆ ಕಾಲಿಡುವ ಮುಂಚೆ ಉಸ್ತುವಾರಿ ನರ್ಸ್ ಹತ್ತಿರ, ಯಾರ ಬಳಿ ಹೋಗಬಾರದು ಅನ್ನುವ ಅಂದಿನ ಪಟ್ಟಿ ಕೇಳಿ. ಯಾರು ಪ್ರತ್ಯೇಕ ಕೋಣೆಯಲ್ಲಿದ್ದಾರೆ, ಯಾರಿಗೆ ಬಿಳಿ ರಕ್ತಕಣ ತೀರ ಕಡಿಮೆಯಿದೆ, ಯಾರಿಗೆ ಮುಚ್ಚದ ಗಾಯ, ಸುಟ್ಟ ಗಾಯ ಇದೆ, ಯಾರಿಗೆ ಅಲರ್ಜಿ, ಯಾರಿಗೆ ಭಯ. ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರ ಬಗ್ಗೆ ಬಿಡಿಸಿ ಕೇಳಿ: ನಾಯಿಯ ಬಾಯಲ್ಲಿ ಸಹಜವಾಗಿಯೇ ಇರುವ ಕ್ಯಾಪ್ನೋಸೈಟೋಫೇಗ ಎಂಬ ಬ್ಯಾಕ್ಟೀರಿಯಾ ಅಂಥವರ ಪ್ರಾಣಕ್ಕೇ ಕುತ್ತು ತರಬಲ್ಲದು. ಆದ್ದರಿಂದ ಯಾರನ್ನೂ ನೆಕ್ಕಲು ಬಿಡಬೇಡಿ.

ಹಾಸಿಗೆಯ ಬ್ರೇಕ್ ಹಾಕಿದೆಯೇ ನೋಡಿ, ಡ್ರಿಪ್ ಇಲ್ಲದ ಬದಿಯಿಂದ ಹತ್ತಿರ ಹೋಗಿ. ನಾಯಿ ಹಾಸಿಗೆ ಏರುವುದಾದರೆ ಕೆಳಗೆ ಶುಭ್ರ ಬಟ್ಟೆ ಹಾಸಿ, ಒಬ್ಬೊಬ್ಬ ರೋಗಿಗೂ ಬೇರೆ ಬಟ್ಟೆ, ಮುಗಿದ ಕೂಡಲೇ ಅದು ಒಗೆಯುವ ಚೀಲಕ್ಕೆ. ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ರೋಗಿಯೂ ಬಂದವರೂ ಕೈ ಶುಚಿ ಮಾಡಿಕೊಳ್ಳಬೇಕು. ಸ್ಯಾನಿಟೈಸರ್ ಸಾಮಾನ್ಯವಾಗಿ ಸಾಕು, ಆದರೆ ಭೇದಿ ತರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಬೀಜಾಣುಗಳು ಅದಕ್ಕೆ ಸಾಯುವುದಿಲ್ಲ, ಸೋಪು ನೀರೇ ಬೇಕು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂಟಾರಿಯೊದ ಆಸ್ಪತ್ರೆಗಳಿಗೆ ಹೋಗುತ್ತಿದ್ದ 102 ನಾಯಿಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕಿತ್ತು. ನೆಲ ತುಳಿದ ಪಾದವನ್ನು ರೋಗಿಯ ಕೈಗೆ ಕೊಡಿಸುವ ‘ಶೇಕ್ ಹ್ಯಾಂಡ್’ ಆಟ ನಿಲ್ಲಿಸಿ ಅನ್ನುವುದು ಇದಕ್ಕೇ. ಜನಕ್ಕೆ ಅದು ತುಂಬಾ ಇಷ್ಟ, ಆದರೂ ಬೇಡ.

ಸವರಲು ಶುರುವಾಗಿ ಒಂದು ನಿಮಿಷಕ್ಕೆ ಕೈ ತೆಗೆಯಲು ರೋಗಿಗೆ ಹೇಳಿ. ನಾಯಿ ಮತ್ತೆ ಒರಗಿದರೆ ಮುಂದುವರಿಸಿ. ದೂರ ಸರಿದರೆ ಅಥವಾ ಕಲ್ಲಿನಂತೆ ನಿಂತರೆ ವಿದಾಯ ಹೇಳಿ ಹೊರಡಿ. ಪ್ರತಿ ಎರಡು ಹಾಸಿಗೆಗೊಮ್ಮೆ ಹೊರಗೆ ಕರೆದೊಯ್ದು ನೀರು ಕೊಡಿ. ಬಿಡುವಿನ ನಂತರವೂ ಆಕಳಿಕೆ, ಏದುಸಿರು ನಿಲ್ಲದಿದ್ದರೆ ಅಂದಿನ ಭೇಟಿ ಅಲ್ಲಿಗೇ ಮುಗಿಯಿತು, ಮುಂದಿನ ಹಾಸಿಗೆಯವರಿಗೆ ಮಾತು ಕೊಟ್ಟಿದ್ದರೂ ಸರಿ.

ಹಸಿ ಮಾಂಸವನ್ನು ಇವತ್ತೇ ನಿಲ್ಲಿಸಿ ತಾರೀಖು ಬರೆದಿಡಿ. ಆ 90 ದಿನಗಳಲ್ಲಿ ಹಾರುವ ಅಭ್ಯಾಸ ಬಿಡಿಸಿ, ಬಿದ್ದದ್ದನ್ನು ಬಿಡುವುದು ಕಲಿಸಿ, ಪಶುವೈದ್ಯರಿಂದ ಲಸಿಕೆ, ಜಂತುನಾಶಕ, ಚರ್ಮ, ಕಿವಿಗಳ ತಪಾಸಣೆ ಮುಗಿಸಿ, ಪರೀಕ್ಷೆಗೆ ಕೂರಿಸಿ. ಪಾಸಾದರೆ ಮೊದಲ ಶನಿವಾರ ಇಪ್ಪತ್ತು ನಿಮಿಷ, ಎರಡೇ ಹಾಸಿಗೆ. ಮೂರನೆಯವರು ಕರೆದರೆ ಮುಂದಿನ ವಾರ ಅವರಿಂದಲೇ ಶುರು ಮಾಡುತ್ತೇವೆ ಅನ್ನಿ, ಹಾಗೇ ಮಾಡಿ.