ಅಮ್ಮ ಮಣಿಪುರದವರು, ಅಪ್ಪ ಹಾಸನದವರು. ಕಾಲೇಜಲ್ಲಿ ನನ್ನ ಮುಖಚಹರೆ ನೋಡಿ ‘ಚಿಂಕಿ’ ಅಂತ ಹೀಯಾಳಿಸುತ್ತಾರೆ. ಏನು ಮಾಡಲಿ?

ಮೊದಲಿಗೆ, ನೀವು ಹಾಸನದವರೇ. ಅದನ್ನು ಯಾರಿಗೂ ಸಾಬೀತು ಮಾಡಬೇಕಾಗಿಲ್ಲ. ಅಮ್ಮನ ಊರೂ ನಿಮ್ಮದೇ. ಅರ್ಧ ಅಲ್ಲಿ, ಅರ್ಧ ಇಲ್ಲಿ ಅಂತ ಪಾಲು ಮಾಡಿಕೊಳ್ಳಬೇಡಿ.

ಬೇಲೂರು ಬಸ್ಸಿನಲ್ಲಿ ನಿಮ್ಮಂಥವಳೇ ಒಬ್ಬ ಹುಡುಗಿ ‘ಅಣ್ಣಾ, ಬೇಲೂರಿಗೆ ಒಂದು’ ಅಂತ ಶಕ್ತಿ ಟಿಕೆಟ್ ಕೇಳಿದಳು. ಕಂಡಕ್ಟರ್ ಹಿಂದಿಯಲ್ಲೇ ಉತ್ತರ ಕೊಟ್ಟರು. ಅವಳ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಪಕ್ಕದಲ್ಲಿದ್ದ ನನ್ನ ಕಾರ್ಡಿನ ಕಡೆ ಕಣ್ಣೂ ಹಾಯಿಸಲಿಲ್ಲ. ಒಂದು ಸಲ ಆದರೆ ಸಣ್ಣ ವಿಷಯ. ದಿನಾ ಆದರೆ ಮನುಷ್ಯರು ಕುಗ್ಗಿಹೋಗುತ್ತಾರೆ, ಅಲ್ವಾ?

ಕಾನೂನು ನಿಮ್ಮ ಕಡೆ ಇದೆ. ಮೂಲವಂಶದ ಹೆಸರಲ್ಲಿ ಸರ್ಕಾರ ಭೇದ ಮಾಡಬಾರದು ಅಂತ ಸಂವಿಧಾನದ 15ನೇ ವಿಧಿ ಹೇಳುತ್ತದೆ. ಕಾಲೇಜಿನ ವಿಷಯಕ್ಕೆ ಜಾಸ್ತಿ ಕೆಲಸಕ್ಕೆ ಬರುವುದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ರ‍್ಯಾಗಿಂಗ್ ತಡೆ ನಿಯಮ. 2016ರ ತಿದ್ದುಪಡಿಯ ಪ್ರಕಾರ ಬಣ್ಣ, ಜನಾಂಗ, ಪ್ರದೇಶ ಎತ್ತಿ ಹಿಂಸಿಸುವುದು, ಗುಂಪಿನಿಂದ ಹೊರಗಿಡುವುದು ಕೂಡ ರ‍್ಯಾಗಿಂಗ್. ‘ತಮಾಷೆಗೆ ಅಂದ್ವಿ’ ಅಂದರೆ ಬಿಡಬೇಡಿ.

ಯಾರು, ಯಾವತ್ತು, ಏನಂದರು ಅಂತ ಬರೆದಿಡಿ. ವಾಟ್ಸಾಪ್ ಮೆಸೇಜ್ ಅಳಿಸಬೇಡಿ. ನೋಡಿದ ಗೆಳೆಯರನ್ನು ಜೊತೆಗೆ ಕರೆದುಕೊಂಡು ಹೋಗಿ ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಗೆ ದೂರು ಬರೆದುಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಅವರು ಸುಮ್ನೆ ಕೂತರೆ ರ‍್ಯಾಗಿಂಗ್ ತಡೆಯ ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ಫೋನ್ ಮಾಡಿ.