ಮುಚ್ಚಳ ತೆಗೆದು ನೋಡಿ: ಓದುಗರ ಕಂಪ್ಯೂಟರ್ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಚಿಕ್ಕ ಫೋಟೋ ಸ್ಟುಡಿಯೋ. ಕಂಪ್ಯೂಟರ್ 2019ರಲ್ಲಿ ಅಸೆಂಬಲ್ ಮಾಡಿಸಿದ್ದು. ರೈಜನ್ 3 2200ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮದುವೆ ಆಲ್ಬಂ ಮಾಡಲು ಕೂತರೆ ಒದ್ದಾಡುತ್ತದೆ. ವಿಂಡೋಸ್ 11 ಹಾಕಲು ಹೋದರೆ ಈ ಪ್ರೊಸೆಸರ್ ಆಗುವುದಿಲ್ಲ ಅನ್ನುತ್ತದೆ. ಅಂಗಡಿಯವರು ಬೋರ್ಡ್ ಸಮೇತ ಎಲ್ಲ ಬದಲಿಸಿ ಅಂತಾರೆ. ಯೂಟ್ಯೂಬಿನಲ್ಲಿ ಒಬ್ಬರು ರೈಜನ್ 5 5600 ಹಾಕಿದರೆ ಸಾಕು ಅಂತಾರೆ. ಯಾರ ಮಾತು ಕೇಳಲಿ?
(ಸ್ಟುಡಿಯೋ ಮಾಲೀಕರು, ಅರಸೀಕೆರೆ)

ಉತ್ತರ: ಬೋರ್ಡ್ ಬದಲಿಸಬೇಕಿಲ್ಲ. 5600 ಕೂಡ ತರಬೇಡಿ. ಪ್ರೊಸೆಸರ್ ಒಳ್ಳೆಯದೇ, ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ನಿಮ್ಮ ಮಾನಿಟರ್ ವೈರ್ ನೇರ ಬೋರ್ಡಿಗೇ ಸಿಕ್ಕಿಸಿದೆ ತಾನೆ? 5600 ಕೂರಿಸಿದ ದಿನ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ಎಸ್.ಪಿ. ರಸ್ತೆಯ ನನ್ನ ರಿಪೇರಿ ಟೇಬಲ್ಲಿಗೆ 'ಹೊಸ ಪ್ರೊಸೆಸರ್ ಸತ್ತಿದೆ ಸಾರ್' ಅಂತ ಬರುವ ಸಿಪಿಯುಗಳಲ್ಲಿ ಇಂಥವು ಸಾಕಷ್ಟಿರುತ್ತವೆ. ನಿಮಗೆ ಬೇಕಾದ್ದು 5600ಜಿ. ಕೊನೆಯ ಆ 'ಜಿ' ಇದೆಯೋ ಇಲ್ಲವೋ ಬಿಲ್ಲಿನಲ್ಲೂ ನೋಡಿ.

ಆದರೆ ಪ್ರೊಸೆಸರ್ ಆಮೇಲೆ. ನಿಮ್ಮ ಆಲ್ಬಂ ಸಿಕ್ಕಿಹಾಕಿಕೊಂಡಿರುವುದು ಬಹುಮಟ್ಟಿಗೆ ಹಾರ್ಡ್ ಡಿಸ್ಕಿನಲ್ಲಿ. ಇರುವ 8 ಜಿಬಿ ರ‍್ಯಾಮಿನಲ್ಲಿ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ತನ್ನ ಪಾಲು ಎತ್ತಿಟ್ಟುಕೊಳ್ಳುತ್ತದೆ, ವಿಂಡೋಸ್ ಇನ್ನಷ್ಟು ತಿನ್ನುತ್ತದೆ. ದೊಡ್ಡ ಶೀಟ್ ಮೇಲೆ ಹತ್ತಾರು ಲೇಯರ್ ಬಂದಾಗ ಫೋಟೋಶಾಪ್‌ಗೆ ಜಾಗ ಸಾಲದೆ ಉಳಿದದ್ದನ್ನು ಡಿಸ್ಕಿಗೆ ಬರೆಯಲು ಶುರುಮಾಡುತ್ತದೆ. ತಿರುಗುವ ಡಿಸ್ಕ್ ಅಷ್ಟು ವೇಗಕ್ಕೆ ಬರೆಯಲಾರದು. ಕಂಪ್ಯೂಟರ್ ನಿಂತಂತಾದಾಗ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಶೇ. 100 ತೋರಿಸಿ ಪ್ರೊಸೆಸರ್ ಶೇ. 30ರ ಆಸುಪಾಸಿನಲ್ಲೇ ಇದ್ದರೆ ಕಾರಣ ಅದೇ. ಹಾಗಾಗಿ ಮೊದಲು ಎನ್‌ವಿಎಂಇ ಎಸ್ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ, ನೇರ ಬೋರ್ಡಿಗೇ ಸಿಕ್ಕಿಸುವ ವೇಗದ ಡಿಸ್ಕ್. ಅದು ಕೂರುವ ಬಿ450ರ ಎಂ.2 ಸ್ಲಾಟಿನ ವೇಗ ಪಿಸಿಐಇ 3.0 ದರ್ಜೆಯದು. ಮುಂದಿನ ದರ್ಜೆಯ 'ಜೆನ್ 4' ಎಸ್ಎಸ್‌ಡಿ ಹಾಕಿದರೂ ಓಡುತ್ತದೆ, 3.0ರ ವೇಗದಲ್ಲಿ. ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟು ಕೆಲಸ ನಿಲ್ಲಿಸುತ್ತವೆ. ಹಾರ್ಡ್ ಡಿಸ್ಕ್ ಕಾಣದಿದ್ದರೆ ಗಾಬರಿಯಾಗದೆ ಕೇಬಲ್ ಬೇರೆ ಪೋರ್ಟಿಗೆ ಹಾಕಿ. ಜತೆಗೆ ಅದೇ ವೇಗದ ಇನ್ನೊಂದು 8 ಜಿಬಿ ರ‍್ಯಾಮ್. ನಾಲ್ಕು ಸ್ಲಾಟಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ರಲ್ಲಿ ಕೂರಿಸಿ.

ಇನ್ನು ವಿಂಡೋಸ್. 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11ಕ್ಕೆ ಹೋಗಲೇಬೇಕು. 2200ಜಿ ಹೆಸರಿಗೆ 2000 ಸರಣಿಯದಾದರೂ ಒಳಗಿನ ಕೋರ್ 1000 ಸರಣಿಯ ತಲೆಮಾರಿನದು. ಅದಕ್ಕೇ ವಿಂಡೋಸ್ 11ಕ್ಕೆ ಆಗುವ ಪ್ರೊಸೆಸರ್‌ಗಳ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ರೈಜನ್ 5 2600 ಇದೆ, 2200ಜಿ ಇಲ್ಲ. 5600ಜಿ ಬಂದರೆ ಈ ತಕರಾರು ಮುಗಿಯಿತು.

ಅದು ಬಿಡಿಯಾಗಿ ಮಾರಾಟಕ್ಕೆ ಬಂದದ್ದು 2021ರಲ್ಲಿ. ನಿಮ್ಮ 2019ರ ಬೋರ್ಡಿನ ಬಯಾಸ್‌ಗೆ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅದರ ಗುರುತು ಹೇಗಿರಬೇಕು? (ಬಿ450 ಸೇರಿದ 400 ಸರಣಿಯ ಬೋರ್ಡುಗಳಿಗೆ ಮುಂದಿನ ತಲೆಮಾರಿನ ಪ್ರೊಸೆಸರ್ ಇಲ್ಲ ಅಂತ ರೈಜನ್ ತಯಾರಿಸುವ ಎಎಂಡಿ 2020ರ ಮೇನಲ್ಲಿ ಹೇಳಿ, ಗ್ರಾಹಕರು ಗಲಾಟೆ ಮಾಡಿದ ಮೇಲೆ ಅದೇ ತಿಂಗಳು ಮಾತು ಬದಲಿಸಿತು. ನಿಮ್ಮ ಬೋರ್ಡ್ ಉಳಿದದ್ದು ಆ ಗಲಾಟೆಯಿಂದ.) ಬೋರ್ಡಿನ ಮೇಲೆ ಅಚ್ಚಾದ ಮಾಡೆಲ್ಲನ್ನು, ರಿವಿಷನ್ ನಂಬರ್ ಇದ್ದರೆ ಅದನ್ನೂ ಬರೆದುಕೊಂಡು, ಬೋರ್ಡ್ ಕಂಪನಿಯ ತಾಣದಲ್ಲಿ ಪ್ರೊಸೆಸರ್ ಪಟ್ಟಿ ತೆಗೆಯಿರಿ. 5600ಜಿ ಎದುರಿಗೆ ಯಾವ ಬಯಾಸ್ ಬೇಕೆಂದು ಇರುತ್ತದೆ. ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಆ ಬಯಾಸ್ ಹಾಕಿ, ಯುಪಿಎಸ್ ಮೇಲಿಟ್ಟು. ನಡುವೆ ಕರೆಂಟ್ ಹೋದರೆ ಅಂಗಡಿಯವರು ಹೇಳಿದ ಹಾಗೆ ಬೋರ್ಡ್ ಬದಲಿಸುವ ಪರಿಸ್ಥಿತಿ ಬಂದರೂ ಬಂದೀತು.

ಪ್ರಶ್ನೆ: ಮಗನಿಗೆ ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ತಂದುಕೊಟ್ಟೆ. ರಿವ್ಯೂನಲ್ಲಿ ಚೆನ್ನಾಗಿ ಓಡಿದ ಆಟ ನಮ್ಮ ಮನೆಯಲ್ಲಿ ತೆವಳುತ್ತದೆ. ಕಾರ್ಡ್ ಡೂಪ್ಲಿಕೇಟಾ?
(ಗೃಹಿಣಿ, ದಾವಣಗೆರೆ)

ಉತ್ತರ: ಅಸಲಿಯೇ ಇರಬಹುದಮ್ಮ, ಬೇಜಾರಿನ ವಿಷಯ ಅದೇ. 2017ರಲ್ಲಿ ಈ ಕಾರ್ಡ್ ಬಂದಾಗ ಅದರಲ್ಲಿದ್ದದ್ದು ಜಿಡಿಡಿಆರ್5 ಮೆಮೊರಿ, ಸೆಕೆಂಡಿಗೆ ಸುಮಾರು 48 ಜಿಬಿ ಸಾಗಿಸುವಂಥದ್ದು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಇರುವ ಇನ್ನೊಂದು ಬಂತು, ಸೆಕೆಂಡಿಗೆ 16.8 ಜಿಬಿ ಸಾಗಿಸುವುದು. ಹಳೆಯ ರಿವ್ಯೂಗಳೆಲ್ಲ ಮೊದಲನೆಯದರವು. ಮಗನಿಗೆ ಹೇಳಿ, ಜಿಪಿಯು-ಝಡ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ 'ಮೆಮೊರಿ ಟೈಪ್' ಸಾಲು ನೋಡಲಿ. ಡಿಡಿಆರ್4 ಅಂತಿದ್ದರೆ, ಬಾಕ್ಸಿನ ಮೇಲೆ ಅದೇ ಬರೆದಿದೆಯಾ ನೋಡಿ. ಬರೆದಿದ್ದರೆ ವಾಪಸ್ ಮಾಡಿಸುವುದು ಕಷ್ಟ. ಬಿಲ್ಲಿನಲ್ಲಿ ಜಿಡಿಡಿಆರ್5 ಅಂತ ಹಾಕಿ ಕೊಟ್ಟಿದ್ದರೆ ಮಾತ್ರ ಬಿಡಬೇಡಿ.

ಪ್ರಶ್ನೆ: ರಿವ್ಯೂ ಮಾಡುವವರೆಲ್ಲ ದುಡ್ಡು ತಗೊಂಡವರೇ ಅಂತ ಗೆಳೆಯರು ಹೇಳುತ್ತಾರೆ. ಹಾಗಾದರೆ ಯಾರನ್ನು ನಂಬಲಿ?
(ಡಿಪ್ಲೊಮಾ ವಿದ್ಯಾರ್ಥಿ, ರಾಯಚೂರು)

ಉತ್ತರ: ಗೆಳೆಯರ ಮಾತು ಪೂರ್ತಿ ನಿಜವಲ್ಲ. ಕಂಪನಿಗಳ ಹಿಡಿತ ಹೆಚ್ಚಾಗಿ ಇರುವುದು ಬಿಡುಗಡೆಗೆ ಮುಂಚೆ ಸಿಗುವ ಸ್ಯಾಂಪಲ್ ಮೇಲೆ. 2020ರ ಡಿಸೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್ವಿಡಿಯಾ, ಆಸ್ಟ್ರೇಲಿಯಾದ ಯೂಟ್ಯೂಬ್ ಚಾನೆಲ್ ಹಾರ್ಡ್‌ವೇರ್ ಅನ್‌ಬಾಕ್ಸ್ಡ್‌ನವರಿಗೆ ನೀವು ರೇ ಟ್ರೇಸಿಂಗ್‌ಗೆ (ಆಟದಲ್ಲಿ ಬೆಳಕು-ನೆರಳನ್ನು ನಿಜದಂತೆ ತೋರಿಸುವ ತಂತ್ರ) ಸಾಕಷ್ಟು ಒತ್ತು ಕೊಡುತ್ತಿಲ್ಲ, ಇನ್ನು ಕಾರ್ಡ್ ಕಳಿಸುವುದಿಲ್ಲ ಅಂತ ಬರೆಯಿತು. ಅವರು ಅದನ್ನು ಬಹಿರಂಗ ಮಾಡಿದ ಮೇಲೆ ಕೆಲವೇ ದಿನದಲ್ಲಿ ಹಿಂದೆ ಸರಿಯಿತು. ಸ್ಯಾಂಪಲ್ ಎಲ್ಲಿಂದ ಬಂತು ಅಂತ ಬಾಯಿಬಿಟ್ಟು ಹೇಳುವವರನ್ನು ನಾನು ಮೊದಲು ನೋಡುತ್ತೇನೆ.

ಪ್ರಾಮಾಣಿಕ ರಿವ್ಯೂ ಕೂಡ ಹಳಸುತ್ತದೆ. ಡಬ್ಲ್ಯೂಡಿ ಬ್ಲೂ ಎಸ್ಎನ್550 ಎಸ್ಎಸ್‌ಡಿಯನ್ನು ಎಲ್ಲರೂ ಹೊಗಳಿದ್ದರು. 2021ರಲ್ಲಿ ಕಂಪನಿ ಹೆಸರು ಬದಲಿಸದೆ ಒಳಗಿನ ಫ್ಲ್ಯಾಶ್, ಅಂದರೆ ಡೇಟಾ ಕೂರುವ ಚಿಪ್, ಬದಲಿಸಿತು. ಮೊದಲು ಬೇಗ ಬರೆದುಕೊಳ್ಳಲು ಇರುವ ಜಾಗ (ಕ್ಯಾಶ್) ತುಂಬಿದ ಮೇಲಿನ ಬರೆಯುವ ವೇಗ ಸೆಕೆಂಡಿಗೆ ಸುಮಾರು 610 ಎಂಬಿಯಿಂದ 390ಕ್ಕೆ ಇಳಿಯಿತು. ಅದೇ ವರ್ಷ ಕ್ರುಶಿಯಲ್ ಪಿ2ದಲ್ಲೂ ಟಿಎಲ್‌ಸಿ ಫ್ಲ್ಯಾಶ್ ಹೋಗಿ ಅದಕ್ಕಿಂತ ನಿಧಾನದ ಕ್ಯೂಎಲ್‌ಸಿ ಬಂದದ್ದು ಹೊರಬಿತ್ತು. ಮೊದಲ ರಿವ್ಯೂ ಬರೆದವರು ಸುಳ್ಳು ಹೇಳಿರಲಿಲ್ಲ, ಅವರು ಪರೀಕ್ಷಿಸಿದ ಮಾಲೇ ಬೇರೆ. ಆದ್ದರಿಂದ ತಾರೀಖು ನೋಡಿ. ಆಮೇಲೆ ಅಂಗಡಿಯಿಂದ ಕೊಂಡು ಮತ್ತೆ ಪರೀಕ್ಷಿಸಿದವರಿದ್ದಾರಾ ಹುಡುಕಿ.

ನಿಮ್ಮೂರಿಗೇ ಸೇರಿದ ಒಂದು ಮಾತು. ಪ್ರೊಸೆಸರನ್ನು ತಣ್ಣಗಿಡುವ ಕೂಲರ್‌ನ ರಿವ್ಯೂಗಳು ನಡೆಯುವುದು ಸಾಮಾನ್ಯವಾಗಿ 21-22 ಡಿಗ್ರಿಯ ಕೋಣೆಯಲ್ಲಿ. ಅಲ್ಲಿ 75 ಡಿಗ್ರಿ ತೋರಿಸಿದ ಪ್ರೊಸೆಸರ್, ಏಪ್ರಿಲ್‌ನಲ್ಲಿ 38 ಡಿಗ್ರಿ ಇರುವ ನಿಮ್ಮ ಕೋಣೆಯಲ್ಲಿ 90 ದಾಟೀತು, ವೇಗವನ್ನೂ ತಾನೇ ತಗ್ಗಿಸಿಕೊಂಡೀತು. ಕೋಣೆಯ ತಾಪ ಎಷ್ಟಿತ್ತು ಅಂತ ಬರೆಯದ ಕೂಲರ್ ಗ್ರಾಫುಗಳನ್ನು ರಾಯಚೂರಿನವರು ನೋಡಿ ಪ್ರಯೋಜನವಿಲ್ಲ.