ಗಲ್ಲು ಅಂದಮೇಲೆ ತಡ ಯಾಕೆ?

ಶಿವಮೊಗ್ಗದ ಕೋರ್ಟುಗಳಲ್ಲಿ ಬಹಳ ವರ್ಷಗಳಿಂದ ಕ್ರಿಮಿನಲ್ ಕೇಸು ನಡೆಸುತ್ತಿರುವ ವಕೀಲರೊಬ್ಬರು ಈ ಸಲ ಮರಣದಂಡನೆ ಕುರಿತ ಮೂರು ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ವಕೀಲರೇ, ನಾನು ನಿವೃತ್ತ ಮೇಷ್ಟ್ರು. ಮೊನ್ನೆ ಅಡಿಕೆ ಸುಲಿಯುವಾಗ ನಮ್ಮ ಅಂಗಳದಲ್ಲಿ ದೊಡ್ಡ ಚರ್ಚೆಯಾಯಿತು. ಕೋರ್ಟು ಗಲ್ಲು ಅಂತ ಹೇಳಿದ ಮೇಲೂ ಕೊಲೆಗಾರರನ್ನು ವರ್ಷಗಟ್ಟಲೆ ಕೂರಿಸಿ ಸರ್ಕಾರ ಯಾಕೆ ಅನ್ನ ಹಾಕಬೇಕು? ಕೂಡಲೇ ಮುಗಿಸಬಾರದೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೇಷ್ಟ್ರೇ, ಸುಲಿಯುವ ಚಪ್ಪರದಲ್ಲಿ ಮೆಟ್ಟುಗತ್ತಿಯಷ್ಟೇ ಚುರುಕಾಗಿ ನಾಲಿಗೆಯೂ ಓಡುತ್ತದೆ. ನಾನೂ ಅಲ್ಲೇ ಕೂತು ಬೆಳೆದವನು. ನಿಮ್ಮ ಸಿಟ್ಟನ್ನು ತಪ್ಪು ಅನ್ನುವುದಿಲ್ಲ. ಸತ್ತವರ ಮನೆಯವರು ಕೋರ್ಟಿನ ವರಾಂಡದಲ್ಲಿ ವರ್ಷಗಟ್ಟಲೆ ಕಾಯುವುದನ್ನು ನಾನೂ ನೋಡಿದ್ದೇನೆ. ಅವರ ಮುಂದೆ ನಿಂತು ಕಾನೂನು ಹೇಳುವ ಧೈರ್ಯ ನನಗೂ ಇಲ್ಲ.

ಆದರೆ 'ಕೂಡಲೇ' ಅನ್ನುವ ಮಾತು ನನಗೆ ಭಯ ಹುಟ್ಟಿಸುತ್ತದೆ. ಮಹಾರಾಷ್ಟ್ರದ ಒಂದು ಕೇಸು ಹೇಳುತ್ತೇನೆ. ಅಲೆಮಾರಿ ಸಮುದಾಯದ ಆರು ಜನರಿಗೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ಅಂತ ಹೇಳಿತು. ಅದಕ್ಕಿಂತ ಮೇಲಿನ ಕೋರ್ಟು ಇಲ್ಲ. ನಿಮ್ಮ ಲೆಕ್ಕದಲ್ಲಿ ಮರುವಾರ ಹಗ್ಗ ಸಿದ್ಧವಾಗಬೇಕಿತ್ತು. 2019ರಲ್ಲಿ ಅದೇ ಸುಪ್ರೀಂ ಕೋರ್ಟು ಕೇಸನ್ನು ಮತ್ತೆ ಪೂರ್ತಿ ಕೇಳಿ, ಆರೂ ಜನ ನಿರ್ದೋಷಿಗಳು ಅಂದಿತು. ಅಷ್ಟು ಹೊತ್ತಿಗೆ ಅವರು ಒಳಗಿದ್ದು 16 ವರ್ಷ. ತಲಾ 5 ಲಕ್ಷ ಪರಿಹಾರ ಕೊಡಲು ಹೇಳಿತು. ಯಾರಿಗೆ? ಬದುಕಿದ್ದವರಿಗೆ. ತಡ ಆಗಿದ್ದರಿಂದಲೇ ಬದುಕಿದ್ದರು.

ಇನ್ನೊಂದು ಹಳೆಯದು, ಉತ್ತರ ಪ್ರದೇಶದ್ದು. ಒಂದೇ ಅಪರಾಧ, ಮೂವರದ್ದೂ ಸಮನಾದ ಪಾಲು, ಮೂವರಿಗೂ ಗಲ್ಲು. ಒಬ್ಬನಿಗೆ ಸುಪ್ರೀಂ ಕೋರ್ಟು ಶಿಕ್ಷೆ ಇಳಿಸಿತು. ಉಳಿದ ಇಬ್ಬರನ್ನು 1981ರ ಅಕ್ಟೋಬರ್ 6ಕ್ಕೆ ನೇಣಿಗೆ ಹಾಕಬೇಕಿತ್ತು. ಒಬ್ಬ ಕೊನೇ ಗಳಿಗೆಯಲ್ಲಿ ಅರ್ಜಿ ಹಾಕಿ ಉಳಿದ. ಇನ್ನೊಬ್ಬ ಹಾಕಲಿಲ್ಲ, ಅವತ್ತೇ ಸತ್ತ. ಒಂದು ಹಾಳೆ ಕಾಗದದ ವ್ಯತ್ಯಾಸ, ಅಷ್ಟೇ.

ಅನ್ನದ ಮಾತಿಗೆ ಜಾಸ್ತಿ ಹೇಳುವುದಿಲ್ಲ. ಜೀವಾವಧಿ ಕೈದಿಯೂ ಉಣ್ಣುತ್ತಾನೆ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ.

ನಾನು ನಿಜವಾಗಿ ಹೇಳಬೇಕೆಂದಿರುವುದು ಆ ಕಾಯುವ ವರ್ಷಗಳ ಬಗ್ಗೆ. ನ್ಯಾಯಾಧೀಶರು ಬರೆಯುವುದು ಗಲ್ಲು ಅಂತ ಮಾತ್ರ. ಅಲ್ಲಿಯವರೆಗೆ ಇವನನ್ನು ಒಂಟಿ ಕೋಣೆಯಲ್ಲಿ ಕೂಡಿಹಾಕಿ, ಯಾರ ಹತ್ತಿರವೂ ಮಾತಾಡಲು ಬಿಡಬೇಡಿ ಅಂತ ಯಾವ ತೀರ್ಪಿನಲ್ಲೂ ಇರುವುದಿಲ್ಲ. ಮೇಲ್ಮನವಿ, ಕ್ಷಮಾದಾನ ಎಲ್ಲ ಮುಗಿಯುವ ತನಕ ಅವನನ್ನು ಗಲ್ಲಿನ ಕೈದಿ ಅಂತ ಬೇರೆ ಇಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 1978ರಲ್ಲೇ ಹೇಳಿದೆ. ಒಂಟಿಯಾಗಿ ಕೂಡಿಹಾಕುವುದೇ ಒಂದು ಬೇರೆ ಶಿಕ್ಷೆ. ಅದನ್ನು ಕೋರ್ಟು ಮಾತ್ರ ಕೊಡಬಹುದು. ಅದೂ ಒಮ್ಮೆಗೆ 14 ದಿನ, ಒಟ್ಟು ಮೂರು ತಿಂಗಳು ಮೀರುವಂತಿಲ್ಲ.

ಪಾಲಿಸದಿದ್ದರೆ ಏನಾಗುತ್ತದೆ? ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಉಮೇಶ್ ರೆಡ್ಡಿ ಹೆಸರು ನೀವು ಕೇಳಿರುತ್ತೀರಿ. ಅವನ ಅಪರಾಧದ ಬಗ್ಗೆ ಕೋರ್ಟಿಗೆ ಅನುಮಾನ ಇರಲಿಲ್ಲ. ಆದರೆ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು ಕಾನೂನಿಗೆ ವಿರುದ್ಧವಾಗಿ ವರ್ಷಗಟ್ಟಲೆ ಒಂಟಿಯಾಗಿ ಇಟ್ಟಿದ್ದರು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದೇ ಕಾರಣಕ್ಕೆ ಗಲ್ಲು ರದ್ದು ಮಾಡಿ, ಕನಿಷ್ಠ 30 ವರ್ಷ ಒಳಗಿರಲಿ ಅಂದಿತು. ಗಲ್ಲು ಆಗಲೇಬೇಕು ಅನ್ನುವವರೂ ಇದನ್ನು ಯೋಚಿಸಬೇಕು, ಅಲ್ವಾ?

ಒಬ್ಬ ಕೈದಿಯ ವಿಷಯ ಹೇಳುತ್ತೇನೆ. ನಾನಾಗ ಜೂನಿಯರ್. ಹೊಸನಗರ ಕಡೆಯ ಒಬ್ಬ ತಾಯಿಯ ಜೊತೆ ದೂರದ ಜೈಲೊಂದಕ್ಕೆ ಹೋಗಿದ್ದೆ. ರಾತ್ರಿ ಬಸ್ಸಿನಲ್ಲಿ ಆಕೆ ಒಂದು ಹಾರ್ಲಿಕ್ಸ್ ಬಾಟಲಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಅಪ್ಪೆಮಿಡಿ ಉಪ್ಪಿನಕಾಯಿ. ಗೇಟಿನಲ್ಲಿ ಒಳಗೆ ಬಿಡಲಿಲ್ಲ. ಜಾಲರಿಯ ಆಚೆ ನಿಂತ ಮಗ ಮೊದಲು ಕೇಳಿದ್ದೇ, "ಈ ವರ್ಷ ಮಿಡಿ ಬಂತಾ ಅಮ್ಮಾ?" ಸಿಕ್ಕ ಸಮಯದಲ್ಲಿ ಅರ್ಧ ಆ ಮರದ ಮಾತಿನಲ್ಲೇ ಹೋಯಿತು. ಕೊನೆಗೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ: "ಬೆಳಗಿನ ಜಾವ ಬೂಟಿನ ಸದ್ದಾದರೆ ಎದ್ದು ಕೂರ್ತೀನಿ ಸಾರ್. ಸದ್ದು ಮುಂದಕ್ಕೆ ಹೋದಮೇಲೆ ಮಲಗ್ತೀನಿ." ಆಗಲೇ ನಾಲ್ಕು ವರ್ಷವಾಗಿತ್ತು. ಅವನಿಗೆ ಆಮೇಲೆ ಜೀವಾವಧಿ ಆಯಿತು. ಹೊರಗೆ ಬಂದ ತಾಯಿ ಬಾಟಲಿ ನನ್ನ ಕೈಗಿಟ್ಟು, "ನೀವೇ ಉಣ್ಣಿ, ವಾಪಸ್ ತಗಂಡು ಹೋಗಕ್ಕಾಗಲ್ಲ" ಅಂದರು.

ಇಂಥ ಕಾಯುವಿಕೆ ಕಡಿಮೆಯಾಗಬೇಕು ಅನ್ನುವುದಾದರೆ ನಾನು ನಿಮ್ಮ ಜೊತೆಗಿದ್ದೇನೆ. ಕ್ಷಮಾದಾನದ ಕಡತವನ್ನು ಕಾರಣವಿಲ್ಲದೆ ಕಪಾಟಿನಲ್ಲಿಟ್ಟು ಮರೆತರೆ ಗಲ್ಲು ಇಳಿಸಬೇಕಾಗುತ್ತದೆ ಅಂತ 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅವತ್ತು 15 ಜನರ ಗಲ್ಲು ಇಳಿಯಿತು. ಅರ್ಜಿ ತಿರಸ್ಕಾರವಾದ ಸುದ್ದಿ ಕೈದಿಗೆ ಮುಟ್ಟಿದ ಮೇಲೆ ಕನಿಷ್ಠ 14 ದಿನ ಬಿಡಬೇಕು, ಮನೆಯವರಿಗೆ ತಿಳಿಸಬೇಕು, ಕೊನೆಯ ಭೇಟಿ ಮಾಡಿಸಬೇಕು ಅಂತಲೂ ಹೇಳಿತು. ಅದರ ಹಿಂದಿನ ವರ್ಷ ತಿಹಾರ್ ಜೈಲಿನಲ್ಲಿ ಅಫ್ಜಲ್ ಗುರುವನ್ನು ಗಲ್ಲಿಗೇರಿಸಿದಾಗ ಮನೆಯವರಿಗೆ ಸ್ಪೀಡ್ ಪೋಸ್ಟ್ ತಲುಪಿದ್ದು ಎಲ್ಲ ಮುಗಿದ ಮೇಲೆ.

ಇನ್ನು ಗಲ್ಲೇ ಬೇಕೋ ಬೇಡವೋ? ಬೇಡ ಅನ್ನುವವನು ನಾನು. ಕಾನೂನು ಆಯೋಗ ಕೂಡ 2015ರಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧದ ಯುದ್ಧ ಬಿಟ್ಟು ಉಳಿದದ್ದಕ್ಕೆಲ್ಲ ತೆಗೆದುಬಿಡಿ ಅಂತ ಶಿಫಾರಸು ಮಾಡಿತು. ಸರ್ಕಾರ ತೆಗೆದಿಲ್ಲ. ನೀವು ಒಪ್ಪಬೇಕಾಗಿಲ್ಲ ಮೇಷ್ಟ್ರೇ. ಮುಂದಿನ ಕೊಯ್ಲಿಗೆ ಕರೆಯಿರಿ, ಕೂತು ಜಗಳ ಆಡೋಣ.

ಪ್ರಶ್ನೆ: ಸರ್, ನಮ್ಮದು ಶಿಕಾರಿಪುರ ತಾಲ್ಲೂಕು. 1943ರಲ್ಲಿ ಗಲ್ಲಿಗೇರಿದ ಈಸೂರಿನ ಐವರನ್ನು ನಾವು ಹುತಾತ್ಮರು ಅಂತ ನೆನೆಯುತ್ತೇವೆ. ಆದರೆ ಸ್ವಾತಂತ್ರ್ಯ ಚಳವಳಿಯ ವೇಳೆ ಅಲ್ಲಿ ನಡೆದ ಆ ಗಲಾಟೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಸತ್ತದ್ದು ನಿಜ ಅಲ್ವಾ? ಇವತ್ತಿನ ಕಾನೂನಿನಲ್ಲಾದರೆ ಗಲ್ಲು ಆಗುತ್ತಿತ್ತಾ?
– ಕಾಲೇಜು ವಿದ್ಯಾರ್ಥಿನಿ

ಉತ್ತರ: ಒಳ್ಳೆ ಪ್ರಶ್ನೆ ಕೇಳಿದೆ ಮಗಳೇ. ಕೇಳಲು ಜನ ಹಿಂಜರಿಯುತ್ತಾರೆ. ಹೌದು, ಇಬ್ಬರು ಅಧಿಕಾರಿಗಳು ಸತ್ತರು. ಅವರಿಗೂ ಮನೆ ಮಠ ಇತ್ತು.

ಆಗಿನ ಕಾನೂನೇ ತಿರುಗಾಮುರುಗಾ ಇತ್ತು. ಬ್ರಿಟಿಷರ ಕಾಲದಲ್ಲಿ ಕೊಲೆಗೆ ಗಲ್ಲು ಅನ್ನುವುದೇ ರೂಢಿ. ಕೊಡದಿದ್ದರೆ ಯಾಕೆ ಕೊಡಲಿಲ್ಲ ಅಂತ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1955ರಲ್ಲಿ ಅದನ್ನು ಕೈಬಿಟ್ಟರು. 1973ರ ಕಾನೂನು ಪೂರ್ತಿ ಮಗುಚಿತು: ಜೀವಾವಧಿ ರೂಢಿ, ಗಲ್ಲು ಕೊಟ್ಟರೆ ವಿಶೇಷ ಕಾರಣ ಬರೆಯಬೇಕು. 1980ರ ಬಚನ್ ಸಿಂಗ್ ತೀರ್ಪು 'ಅಪರೂಪದಲ್ಲಿ ಅಪರೂಪ'ದ ಕೇಸಿಗೆ ಮಾತ್ರ ಗಲ್ಲು ಅನ್ನುವ ಅಳತೆ ಹಾಕಿತು.

ಸಾವಿರ ಜನ ಸೇರಿದ ಗುಂಪಿನಲ್ಲಿ ಏಟು ಯಾರದ್ದು ಅಂತ ಹೇಳುವುದೇ ಕಷ್ಟ. ನನ್ನ ಅಂದಾಜಿನಲ್ಲಿ ಇವತ್ತಾಗಿದ್ದರೆ ಅಂಥ ಕೇಸಿನಲ್ಲಿ ಗಲ್ಲು ನಿಲ್ಲುತ್ತಿರಲಿಲ್ಲ. ಅವರನ್ನು ನೇಣಿಗೆ ಹಾಕಿದ ಬೆಂಗಳೂರಿನ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಬೆಂಗಳೂರಿಗೆ ಹೋದಾಗ ಒಳಗೊಮ್ಮೆ ನಡೆದು ಬಾ.

ಪ್ರಶ್ನೆ: ನಮ್ಮ ಕೇರಿಯ ಹೆಂಗಸೊಬ್ಬರ ಮಗನಿಗೆ ಸೆಷನ್ಸ್ ಕೋರ್ಟಿನಲ್ಲಿ ಗಲ್ಲಾಗಿದೆ. ಆ ತಾಯಿಗೆ ಓದು ಬರಲ್ಲ, ದುಡ್ಡೂ ಇಲ್ಲ. ಈಗ ಏನು ಮಾಡಬಹುದು?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಮೊದಲು ಆಕೆಗೆ ಒಂದು ಮಾತು ಹೇಳಿ: ಹೈಕೋರ್ಟು ಒಪ್ಪದೆ ಆ ಗಲ್ಲು ಜಾರಿಯಾಗುವುದಿಲ್ಲ. ಕಡತ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆದರೂ ಮೇಲ್ಮನವಿ ಬೇರೆ ಹಾಕಬೇಕು. ಜೈಲಿನಲ್ಲಿರುವವರಿಗೆ ಉಚಿತ ವಕೀಲರ ಹಕ್ಕಿದೆ, ಆದಾಯದ ಮಿತಿ ಕೇಳುವುದಿಲ್ಲ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಆಕೆಯನ್ನು ಕರೆದುಕೊಂಡು ಹೋಗಿ. ಸುಮ್ನೆ ವಿಳಾಸ ಹೇಳಿ ಕಳಿಸಬೇಡಿ, ಜೊತೆಗೆ ಹೋಗಿ.

ಆಮೇಲೆ ಕಾಗದ ಹುಡುಕಿ. ಹುಡುಗನಿಗೆ ಏನಾದರೂ ಕಾಯಿಲೆ ಇತ್ತಾ, ಮಾನಸಿಕ ಚಿಕಿತ್ಸೆ ಆಗಿತ್ತಾ, ಮನೆಯ ಪರಿಸ್ಥಿತಿ ಹೇಗಿತ್ತು, ಜೈಲಿನಲ್ಲಿ ನಡತೆ ಹೇಗಿದೆ, ಇದನ್ನೆಲ್ಲ ತರಿಸಿ ನೋಡಿಯೇ ಶಿಕ್ಷೆ ತೀರ್ಮಾನಿಸಬೇಕು ಅಂತ 2022ರ ತೀರ್ಪೊಂದು ಹೇಳುತ್ತದೆ. ಹಳೇ ಆಸ್ಪತ್ರೆ ಚೀಟಿಯೂ ಬೇಕಾಗುತ್ತದೆ.

ಮುಖ್ಯವಾಗಿ ವಯಸ್ಸು. ಕೃತ್ಯ ನಡೆದ ದಿನ 18 ತುಂಬದಿದ್ದರೆ ಗಲ್ಲು ಕೊಡುವಂತೆಯೇ ಇಲ್ಲ. ರಾಜಸ್ಥಾನ ಮೂಲದ ಒಬ್ಬನನ್ನು 28 ವರ್ಷ ಒಳಗಿಟ್ಟು, ಅದರಲ್ಲಿ ಬಹುಪಾಲು ಗಲ್ಲಿನ ಕೈದಿಯಾಗಿ ಇಟ್ಟು, 2023ರಲ್ಲಿ ಬಿಟ್ಟರು. ಘಟನೆಯ ದಿನ ಅವನಿಗೆ ಹನ್ನೆರಡು ವರ್ಷವಾಗಿತ್ತಂತೆ. ಗೊತ್ತಾಗಿದ್ದು ಊರಿನ ಶಾಲೆಯ ದಾಖಲಾತಿ ಪುಸ್ತಕದಿಂದ. ನಿಮ್ಮ ಕೇರಿಯ ಹುಡುಗ ಒಂದನೇ ಕ್ಲಾಸಿಗೆ ಸೇರಿದ ಶಾಲೆ ಯಾವುದು ಅಂತ ತಾಯಿಯನ್ನು ಕೇಳಿ. ಸೋಮವಾರ ಬೆಳಿಗ್ಗೆ ಹೆಡ್ ಮಾಸ್ಟರ ಹತ್ತಿರ ಹೋಗಿ ಆ ಪುಟದ ದೃಢೀಕೃತ ನಕಲು ತೆಗೆದುಕೊಳ್ಳಿ. ಎರಡು ಪ್ರತಿ ಮಾಡಿಸಿ, ಒಂದು ಮನೆಯಲ್ಲಿರಲಿ.